ಮೂರನೇ ದರ್ಜೆಯ ಕಿಟಕಿ

ಕೊಲಂಬೊದ ಫೋರ್ಟ್ ನಿಲ್ದಾಣದಿಂದ ಬದುಳ್ಳದ ಕಡೆ ಹೊರಡುವ ಬೆಟ್ಟದ ರೈಲಿನಲ್ಲಿ ಎ.ಸಿ. ಬೋಗಿಯ ಕಿಟಕಿ ತೆರೆಯಲು ಬರುವುದಿಲ್ಲ. ಥರ್ಡ್ ಕ್ಲಾಸಿನ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಹೆಚ್ಚು ದುಡ್ಡು ಕೊಟ್ಟವರು ಗಾಜಿನಾಚೆಯ ಬೆಟ್ಟಸಾಲನ್ನು ನೋಡುತ್ತಾರೆ. ಕಡಿಮೆ ಕೊಟ್ಟವರ ಮುಖಕ್ಕೆ ಅದೇ ಬೆಟ್ಟದ ಮಂಜು ತಾಗುತ್ತದೆ, ಚಹಾ ಫ್ಯಾಕ್ಟರಿಯಲ್ಲಿ ಎಲೆ ಒಣಗುವ ವಾಸನೆ ಮೂಗಿಗೆ ಬರುತ್ತದೆ, ಹಳಿಯ ಪಕ್ಕದಲ್ಲಿ ನಿಂತ ಮಕ್ಕಳ ಕೂಗಿಗೆ ಮರುಕೂಗು ಹಾಕಬಹುದು. ಈ ದಾರಿಯಲ್ಲಿ ಅಗ್ಗದ ಸೀಟೇ ಒಳ್ಳೆಯ ಸೀಟು.

ಸೆಕೆಯ ದೇಶಗಳಲ್ಲಿ ಕೈ ಬಿಗಿಹಿಡಿದು ತಿರುಗುವುದು ನನಗೆ ತುಂಬ ಪ್ರೀತಿಯ ಕೆಲಸ. ಲಂಕೆ, ಥಾಯ್ಲೆಂಡ್, ಲಾವೋಸ್, ಜಾವಾ ಹೀಗೆ ತೆಂಗು ಬಾಳೆ ಬೆಳೆಯುವ ಕಡೆಗೇ ನನ್ನ ಕಾಲು ಎಳೆಯುತ್ತದೆ. ಚಳಿಯ ದೇಶಗಳಲ್ಲಿ ಹಣವಿಲ್ಲದವನಿಗೆ ಹವೆಯೇ ವೈರಿ. ಬೆಚ್ಚಗಿನ ಕೋಣೆ, ದಪ್ಪ ಕೋಟು, ಬಿಸಿನೀರು, ಎಲ್ಲಕ್ಕೂ ಕಾಸು ಬಿಚ್ಚಬೇಕು. ಸೆಕೆಯ ನಾಡಿನಲ್ಲಿ ಮೈಗೆ ಬೇಕಾದದ್ದು ನೆರಳು, ಗಾಳಿ, ತಣ್ಣೀರು. ಅಲ್ಲಿನ ಜನ ನೂರಾರು ವರ್ಷಗಳಿಂದ ಇವನ್ನು ಖರ್ಚಿಲ್ಲದೆ ಹೊಂದಿಸಿಕೊಳ್ಳುವುದನ್ನು ಕಲಿತಿದ್ದಾರೆ. ಅವರು ಕೂರುವಲ್ಲಿ ಕೂತು, ಅವರು ಉಣ್ಣುವ ಹೊತ್ತಿಗೆ ಉಂಡು, ಅವರು ಮಲಗುವ ಹೊತ್ತಿಗೆ ಮಲಗಿದರೆ ಕಿಸೆಯೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ.

ಕೋಣೆ ನೋಡುವುದು ಒಂದು ವಿದ್ಯೆ. ನೇರ ತಾರಸಿಯ ಕೆಳಗಿನ ಕೋಣೆ ಎಷ್ಟು ಅಗ್ಗವಾದರೂ ಬೇಡ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಮಧ್ಯರಾತ್ರಿಯವರೆಗೂ ಕಾವನ್ನು ಕೆಳಗೆ ಇಳಿಸುತ್ತಲೇ ಇರುತ್ತದೆ. ಸಾಧ್ಯವಾದರೆ ನಾನು ಸಂಜೆ ನಾಲ್ಕರ ಸುಮಾರಿಗೆ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡುತ್ತೇನೆ. ಗೋಡೆ ಸುಡುತ್ತಿದ್ದರೆ ನಮಸ್ಕಾರ ಹೇಳಿ ಮುಂದಿನ ಮನೆ. ಹಂಚಿನ ಮಾಡು, ಎದುರುಬದುರು ಎರಡು ಕಿಟಕಿ, ಜೋರಾಗಿಟ್ಟರೂ ಕಿರುಗುಟ್ಟದ ಫ್ಯಾನು, ಹರಿದಿರದ ಸೊಳ್ಳೆಪರದೆ ಇಷ್ಟಿದ್ದರೆ ಅದು ಅರಮನೆ. ಕೆಳಗಿನ ಅಂತಸ್ತು, ಹಿತ್ತಿಲಲ್ಲಿ ಒಂದು ಹಲಸಿನ ಮರ ಸಿಕ್ಕಿದರಂತೂ ನಾನು ಎರಡು ದಿನ ಹೆಚ್ಚಿಗೆ ನಿಲ್ಲುತ್ತೇನೆ.

ಲಂಕೆಯಲ್ಲಿ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಆರಕ್ಕೇ ಹುಟ್ಟಿ ಆರಕ್ಕೇ ಮುಳುಗುತ್ತಾನೆ. ನನ್ನ ದಿನವೂ ಅದಕ್ಕೇ ಹೊಂದಿಕೊಳ್ಳುತ್ತದೆ. ನಸುಕಿನಲ್ಲೇ ಎದ್ದರೆ ಸಂತೆ, ದೇವಸ್ಥಾನ, ಕಡಲತಡಿ ಎಲ್ಲ ತಂಪಾಗಿ ಸಿಗುತ್ತವೆ, ಆ ಹೊತ್ತಿಗೆ ನಡೆದುಕೊಂಡೇ ಹೋಗಬಹುದು. ಹನ್ನೊಂದೂವರೆಯ ನಂತರ ನೆರಳು ಹುಡುಕಿ ಊಟ, ಒಂದು ನಿದ್ದೆ, ಓದು. ನಾಲ್ಕರ ಮೇಲೆ ಮತ್ತೆ ರಸ್ತೆ. ನೆತ್ತಿ ಸುಡುವ ಹೊತ್ತಿನಲ್ಲಿ ಊರು ನೋಡಲು ಹೊರಟವರು ಟ್ಯಾಕ್ಸಿಗೂ ಬಾಟಲಿ ನೀರಿಗೂ ಸುರಿಯುವ ದುಡ್ಡಿನಲ್ಲಿ ನನ್ನಂಥವರ ಎರಡು ದಿನದ ಊಟ ನಡೆಯುತ್ತದೆ.

ಚೀಲಕ್ಕೆ ಮೊದಲು ಹೋಗುವುದು ಹತ್ತಿಯ ಲುಂಗಿ. ಅದೇ ಹೊದಿಕೆ, ಅದೇ ಬೈರಾಸು, ಬಸ್ಸಿನ ಕಿಟಕಿಗೆ ಬಿಸಿಲು ಬಡಿದರೆ ಅದೇ ಪರದೆ. ಹೊಳೆಯಲ್ಲಿ ಮೀಯಲು, ಸಂತೆಯಲ್ಲಿ ಕೊಂಡ ಹಣ್ಣು ಕಟ್ಟಲು, ದೇವಾಲಯದಲ್ಲಿ ಮೊಣಕಾಲು ಮುಚ್ಚಲು ಬೇರೇನೂ ಬೇಕಿಲ್ಲ. ಬಾಲಿಯ ದೇವಸ್ಥಾನಗಳಲ್ಲಿ ಸೊಂಟಕ್ಕೆ ಬಟ್ಟೆ ಸುತ್ತದೆ ಒಳಗೆ ಬಿಡುವುದಿಲ್ಲ. ಪ್ರವಾಸಿಗಳು ಬಾಗಿಲಲ್ಲಿ ಬಾಡಿಗೆಗೆ ಹುಡುಕುವಾಗ ನಾನು ಚೀಲದಿಂದ ತೆಗೆದು ಸುತ್ತಿಕೊಳ್ಳುತ್ತೇನೆ. ಲಂಕೆಯಿಂದ ಬರ್ಮಾ, ಬರ್ಮಾದಿಂದ ಜಾವಾದವರೆಗೆ ಗಂಡಸರು ಸೊಂಟಕ್ಕೆ ಸುತ್ತುವುದು ಈ ಬಟ್ಟೆಯನ್ನೇ. ರಾತ್ರಿ ಹಿಂಡಿ ಹರವಿದರೆ ಬೆಳಿಗ್ಗೆ ಒಣಗಿರುತ್ತದೆ.

ಇನ್ನು ಆ ಬೆಟ್ಟದ ರೈಲಿನ ಮಾತು. ಅದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಕಾಗುವುದಿಲ್ಲ. ಕ್ಯಾಂಡಿಗೆ ಹಳಿ ಬಂದದ್ದು 1867ರಲ್ಲಿ, ಬದುಳ್ಳ ಮುಟ್ಟಿದ್ದು 1924ರಲ್ಲಿ. ಅಗಲ ಹಳಿಯ ರೈಲೇ ಏದುಸಿರು ಬಿಡುತ್ತ ಪಟ್ಟಿಪೊಲದ ಹತ್ತಿರ ಸುಮಾರು 1,890 ಮೀಟರ್ ಎತ್ತರಕ್ಕೆ ಏರುತ್ತದೆ. ಎಲ್ಲ ಎಂಬ ಊರಿನ ಆಚೆ ಒಂಬತ್ತು ಕಮಾನಿನ ಸೇತುವೆ, ಅದರಾಚೆ ದೆಮೋದರ. ಅಲ್ಲಿ ಹಳಿ ಬೆಟ್ಟವನ್ನು ಒಂದು ಸುತ್ತು ಹಾಕಿ, ತಾನು ಈಗಷ್ಟೇ ಬಿಟ್ಟು ಬಂದ ನಿಲ್ದಾಣದ ಅಡಿಯಲ್ಲೇ ಸುರಂಗದೊಳಗೆ ನುಗ್ಗುತ್ತದೆ. ಅಷ್ಟು ಕಡಿದಾದ ಇಳಿಜಾರನ್ನು ಅಷ್ಟೇ ಜಾಗದಲ್ಲಿ ಇಳಿಯಲು ಬೇರೆ ದಾರಿ ಇರಲಿಲ್ಲ. ತಲೆ ಹೊರಗೆ ಹಾಕಿದರೆ ನಮ್ಮದೇ ರೈಲಿನ ಮುಂದಿನ ಬೋಗಿಗಳು ಎದುರಿನ ತಿರುವಿನಲ್ಲಿ ಕಾಣುತ್ತವೆ.

ಈ ಹಳಿ ಹಾಕಿದ್ದು ಮೊದಲು ಕಾಫಿಗಾಗಿ. 1869ರಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಬಿತ್ತು. ಮುಂದಿನ ಕೆಲವು ದಶಕಗಳಲ್ಲಿ ಲಂಕೆಯ ಕಾಫಿ ತೋಟಗಳು ನೆಲಕಚ್ಚಿದವು, ಆ ಗುಡ್ಡಗಳಿಗೆಲ್ಲ ಚಹಾ ಬಂತು. ನಮ್ಮ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಇಂದಿಗೂ ಬೋರ್ಡೋ ದ್ರಾವಣ ಹೊಡೆಯುವುದು ಇದೇ ತುಕ್ಕಿಗೆ ಹೆದರಿ. ಹ್ಯಾಟನ್ ದಾಟಿದ ಮೇಲೆ ಕಾಣುವ ಆ ಹಸಿರು ಒಂದು ದೊಡ್ಡ ಸೋಲಿನ ಮೇಲೆ ಬೆಳೆದದ್ದು ಎಂಬುದು ತಿಳಿದಿದ್ದರೆ ನೋಟವೇ ಬೇರೆಯಾಗುತ್ತದೆ.

ಒಂದು ಪಯಣದಲ್ಲಿ ಎದುರಿನ ಬೆಂಚಿನಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಚಹಾ ತೋಟದ ತಮಿಳು ಹೆಂಗಸು, ಮೊಮ್ಮಗನಿಗೆ ಕೊಂಡ ಶಾಲೆಯ ಶೂಗಳನ್ನು ಪೆಟ್ಟಿಗೆ ಸಮೇತ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬೋಗಿಯಲ್ಲಿ ಕಡಲೆ ಮಾರುವವನು ಬಂದಾಗ ಒಂದು ಪೊಟ್ಟಣ ಕೊಂಡು, ನಾನು ಬೇಡವೆಂದರೂ ಅರ್ಧ ನನ್ನ ಕೈಗೆ ಸುರಿದರು. ಬೇಯಿಸಿದ ಕಡಲೆ, ಒಗ್ಗರಣೆಗೆ ಒಣಮೆಣಸು, ತೆಂಗಿನಕಾಯಿ ಚೂರು. ಅವರ ತೋರುಬೆರಳು ಹೆಬ್ಬೆರಳಿನ ತುದಿಯಲ್ಲಿ ಕಪ್ಪು ಕರೆ. ಎಲೆ ಚಿವುಟಿ ಚಿವುಟಿ ಉಗುರಿನ ಸಂದಿಗೆ ಇಳಿದ ಬಣ್ಣ.

"ಊರು ಯಾವುದು ತಂಬಿ?" ಎಂದು ತಮಿಳಿನಲ್ಲಿ ಕೇಳಿದರು.

"ಮಂಗಳೂರಿನ ಹತ್ತಿರ, ಸುಳ್ಯ" ಎಂದೆ.

"ರಬ್ಬರ್ ತೋಟ ಇರುವ ಕಡೆಯಾ? ನಮ್ಮ ದೊಡ್ಡಪ್ಪ ಅಲ್ಲಿಗೇ ಹೋದದ್ದು. ಹಡಗಿಗೆಂದು ತಲೈಮನ್ನಾರಿಗೆ ರೈಲು ಹತ್ತಿಸಿದ ದಿನ ಇಡೀ ಲೈನು ಮನೆಯವರು ಸ್ಟೇಷನ್ನಿಗೆ ಬಂದಿದ್ದರಂತೆ. ಮತ್ತೆ ಒಂದೆರಡು ಕಾಗದ ಬಂತು, ಅಷ್ಟೆ."

ನನ್ನ ಕೈಯ ಕಡಲೆ ಕೈಯಲ್ಲೇ ಉಳಿಯಿತು. ಬ್ರಿಟಿಷರು ತೋಟಕ್ಕೆಂದು ತಮಿಳುನಾಡಿನಿಂದ ಕರೆತಂದವರ ಮಕ್ಕಳು ಮೊಮ್ಮಕ್ಕಳನ್ನು ಲಂಕೆಯ 1948ರ ಪೌರತ್ವ ಕಾನೂನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮತ್ತು ನಮ್ಮ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳುವುದೆಂದಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಅವರ ಮಕ್ಕಳೊಡನೆ ನಾನು ಶಾಲೆಯಲ್ಲಿ ಆಡಿದ್ದೇನೆ. ನನಗೆ ಬರುವ ನಾಲ್ಕು ಮಾತು ತಮಿಳು ಅವರೇ ಕಲಿಸಿದ್ದು. ಆ ಮನೆತನಗಳ ಇನ್ನೊಂದು ತುದಿ ಇಲ್ಲಿ, ನನ್ನೆದುರಿನ ಮರದ ಬೆಂಚಿನಲ್ಲಿ ಕೂತಿತ್ತು. ತಲವಾಕೆಲೆಯಲ್ಲಿ ಅವರು ಇಳಿದರು. ಶೂ ಪೆಟ್ಟಿಗೆಯನ್ನು ಕಿಟಕಿಯಿಂದಲೇ ಅವರ ಕೈಗೆ ದಾಟಿಸಿದೆ. ಎ.ಸಿ. ಬೋಗಿಯಲ್ಲಿ ಕೂತಿದ್ದರೆ ನನಗೆ ಇದು ಯಾವುದೂ ದಕ್ಕುತ್ತಿರಲಿಲ್ಲ.

ಊಟದ ವಿಚಾರದಲ್ಲಿ ನಮ್ಮ ಕರಾವಳಿಯವರಿಗೆ ಲಂಕೆ ಸುಲಭ. ಅನ್ನ ಮೇಲೋಗರಕ್ಕೆ ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ ಹೋಗಬೇಕು, ಆಗಷ್ಟೇ ಪಾತ್ರೆಗಳು ಒಲೆಯಿಂದ ಇಳಿದಿರುತ್ತವೆ. ತೆಂಗಿನ ಹಾಲಿನಲ್ಲಿ ಬೆಂದ ಕೆಂಪು ಬೇಳೆಯ ಪರಿಪ್ಪು, ಮಸಾಲೆಯಲ್ಲಿ ಕಪ್ಪಾಗುವಷ್ಟು ಬೇಯಿಸಿದ ಎಳೆ ಹಲಸು, ಹೆಚ್ಚಿದ ಒಂದೆಲಗಕ್ಕೆ ಕಾಯಿತುರಿ ನಿಂಬೆರಸ ಬೆರೆಸಿದ ಗೊಟುಕೊಳ ಸಂಬೋಲ. ಕೇಳಿದಷ್ಟೂ ಬಡಿಸುತ್ತಾರೆ. ಕಟ್ಟಿಸಿಕೊಂಡರೆ ಒಂದು ಬತ್ ಪ್ಯಾಕೆಟ್ಟು ಇಬ್ಬರಿಗೆ ಸಾಲುತ್ತದೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಕೆಂಪಗೆ ಕಾಣುವ ಪೊಲ್ ಸಂಬೋಲದಲ್ಲಿ ಸಾಮಾನ್ಯವಾಗಿ ಉಂಬಲಕಡ ಎಂಬ ಒಣಮೀನಿನ ಪುಡಿ ಇರುತ್ತದೆ, ಕೇಳಿ ಹಾಕಿಸಿಕೊಳ್ಳಿ. ಸಂಜೆ ಕಬ್ಬಿಣದ ಪುಟ್ಟ ಬಾಣಲೆಯಲ್ಲಿ ಸುತ್ತ ಗರಿ, ನಡುವೆ ಮೆತ್ತಗೆ ಹುಯ್ದ ಅಪ್ಪ. ದಕ್ಷಿಣದ ದಾರಿಗಳಲ್ಲಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಅದರ ಮೇಲೆ ಕಿತುಲ್ ಜೋನಿಬೆಲ್ಲ. ಕಿತುಲ್ ಎಂದರೆ ನಮ್ಮ ಕಾಡಿನ ಬೈನೆ ಮರವೇ. ನಮ್ಮಲ್ಲಿ ಆನೆಯ ಮೇವಾಗುವ ಆ ಮರದಿಂದ ಇಂಥ ಬೆಲ್ಲ ತೆಗೆಯುವವರನ್ನು ಕಂಡು ನನಗೆ ಪ್ರತಿಸಲವೂ ಗೌರವ ಬರುತ್ತದೆ. ಬಾಯಾರಿದರೆ ರಸ್ತೆಬದಿಯಲ್ಲಿ ಗೆಂದಾಳಿ ಬೊಂಡ. ಬೊಂಡ ಮಾರುವವರ ಹತ್ತಿರ ಚೌಕಾಸಿ ಮಾಡಬಾರದು ಎಂಬುದು ನನ್ನ ನಿಯಮ. ಮರ ಹತ್ತಿದವನ ದುಡಿಮೆಯಲ್ಲಿ ಉಳಿಸುವ ಹತ್ತು ರೂಪಾಯಿಯಿಂದ ಯಾರ ಪ್ರವಾಸವೂ ಉದ್ಧಾರವಾಗುವುದಿಲ್ಲ.

ಜಾವಾದ ಯೋಗ್ಯಕರ್ತದಲ್ಲಿ ರಾತ್ರಿ ತಳ್ಳುಗಾಡಿಗಳ ಮೇಲೆ ಎಲೆಯಲ್ಲಿ ಕಟ್ಟಿದ ಅಂಗೈಯಗಲದ ಅನ್ನದ ಪೊಟ್ಟಣ ಇಡುತ್ತಾರೆ, ಮೇಲೆ ಒಂದು ಚಿಟಿಕೆ ಖಾರ. ಹಸಿವಿದ್ದಷ್ಟು ಬಿಚ್ಚಿ, ಕೊನೆಗೆ ಎಲೆಗಳನ್ನು ಎಣಿಸಿ ದುಡ್ಡು ಕೊಟ್ಟರಾಯಿತು.

ಹಣ ಉಳಿಸುವುದು ಎಲ್ಲಿ, ಬಿಚ್ಚುವುದು ಎಲ್ಲಿ ಎಂಬುದು ಮುಖ್ಯ. ಲಂಕೆಯ ಸಿಗಿರಿಯ ಬಂಡೆಗೆ ವಿದೇಶಿಯರ ಟಿಕೆಟ್ಟು ಡಾಲರಿನಲ್ಲಿ, ದುಬಾರಿ. ಪಕ್ಕದ ಪಿದುರಂಗಲ ಬಂಡೆಗೆ ತೀರ ಕಡಿಮೆ, ಅಲ್ಲಿಂದ ಸಿಗಿರಿಯ ಇಡಿಯಾಗಿ ಕಾಣುತ್ತದೆ. ಹಲವರು ಅಷ್ಟಕ್ಕೇ ಹಿಂತಿರುಗುತ್ತಾರೆ. ನಾನು ಒಪ್ಪುವುದಿಲ್ಲ. ಐದನೇ ಶತಮಾನದ ಕಾಶ್ಯಪ ದೊರೆಯ ಸಿಗಿರಿಯ ಬಂಡೆಯ ಮೇಲೆ ಬಣ್ಣದ ಹೆಂಗಳೆಯರ ಚಿತ್ರಗಳಿವೆ. ಅವುಗಳ ಕೆಳಗಿನ ಕನ್ನಡಿಗೋಡೆಯ ಮೇಲೆ ಸಾವಿರ ವರ್ಷಕ್ಕೂ ಹಿಂದೆ ಬಂದ ಪ್ರಯಾಣಿಕರು ಪದ್ಯ ಗೀಚಿ ಹೋಗಿದ್ದಾರೆ. ಪುರಾತತ್ವಜ್ಞ ಸೆನರತ್ ಪರಣವಿತಾನ ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ದಿನವಿಡೀ ನಡೆದು, ಬೆವರಿ, ಹತ್ತಿ, ಚಿತ್ರ ನೋಡಿ ಬೆರಗಾದವರ ಕೈಬರಹ ಅದು. ಅದರ ಮುಂದೆ ನಿಲ್ಲಲಿಕ್ಕೆಂದೇ ನಾನು ಬೇರೆ ಕಡೆ ಫ್ಯಾನಿನ ಕೋಣೆಯಲ್ಲಿ ಮಲಗುವುದು.

ಲಾವೋಸಿನಲ್ಲಿ ಈ ಗಣಿತವೇ ಬೇರೆ. ಹುಯೈಸಾಯಿಯಿಂದ ಲುವಾಂಗ್ ಪ್ರಬಾಂಗಿಗೆ ಮೆಕಾಂಗ್ ನದಿಯ ಮೇಲೆ ಉದ್ದನೆಯ ಮರದ ದೋಣಿ ಎರಡು ಹಗಲು ಸಾಗುತ್ತದೆ, ನಡುವೆ ಒಂದು ರಾತ್ರಿ ಪಾಕ್‌ಬೆಂಗಿನಲ್ಲಿ ತಂಗಬೇಕು. ಹಳೆಯ ಕಾರುಗಳಿಂದ ಕಿತ್ತ ಸೀಟುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಎರಡೂ ಬದಿ ಬಯಲು. ಹಳ್ಳಿಯೊಂದರ ಮರಳ ದಂಡೆಗೆ ಮೂತಿ ತಾಗಿಸಿದಾಗ ಅಕ್ಕಿಮೂಟೆ, ಕೋಳಿಪಂಜರ, ಶಾಲೆಯ ಮಕ್ಕಳು ಹತ್ತುತ್ತಾರೆ. ಬಿದಿರಿನ ಮುಚ್ಚಳದ ಬುಟ್ಟಿಯಿಂದ ಅಂಟುಅಕ್ಕಿಯ ಅನ್ನವನ್ನು ಉಂಡೆ ಮಾಡಿ ಉಣ್ಣುವುದನ್ನು ನಾನು ಕಲಿತದ್ದು ಅಲ್ಲಿ. ಬೇಗ ತಲುಪಬೇಕೆನ್ನುವವರಿಗೆ ಸ್ಪೀಡ್ ಬೋಟ್ ಇದೆ. ನನಗೆ ಆ ನಿಧಾನವೇ ಬೇಕು. ನದಿಯ ಮೇಲಿನ ಎರಡು ದಿನಗಳಷ್ಟು ಕಡಿಮೆ ಖರ್ಚಿನ, ಅಷ್ಟು ತುಂಬಿದ ದಿನಗಳು ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಹೊರಡುವ ಮನಸ್ಸಿದ್ದವರು ಮಳೆಯ ಲೆಕ್ಕ ತಿಳಿದಿರಬೇಕು. ಲಂಕೆಗೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ ಪಶ್ಚಿಮ, ದಕ್ಷಿಣಕ್ಕೆ ಸುರಿದರೆ ಪೂರ್ವದ ತ್ರಿಕೋನಮಲೆಯ ಕಡಲು ಶಾಂತವಾಗಿರುತ್ತದೆ. ಡಿಸೆಂಬರ್‌ನಿಂದ ಪೂರ್ವಕ್ಕೆ ಮಳೆ, ಆಗ ಗಾಲೆಯ ಕಡೆ ಬಿಸಿಲು. ದ್ವೀಪದ ಒಂದು ಮಗ್ಗುಲು ವರ್ಷದ ಹೆಚ್ಚಿನ ಕಾಲ ತೆರೆದೇ ಇರುತ್ತದೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ತಾಸು.

ನನ್ನ ಮಾತು ಕೇಳುವುದಾದರೆ ಮಕ್ಕಳ ಬೇಸಿಗೆ ರಜೆಯ ಕೊನೆಯಲ್ಲಿ, ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ ಹೋಗಿ. ಬೀದಿಬೀದಿಯಲ್ಲಿ ಕಾಗದದ ಗೂಡುದೀಪಗಳು ತೂಗುತ್ತಿರುತ್ತವೆ, ಊರೂರಿನ ಜನ ದಾನಸಾಲೆ ಹಾಕಿ ದಾರಿಹೋಕರನ್ನು ಕರೆದು ಅನ್ನ, ಪಾನಕ, ಐಸ್‌ಕ್ರೀಮ್ ಕೊಡುತ್ತಾರೆ. ಯಾವ ದೇಶ, ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ. ಮಕ್ಕಳನ್ನೂ ಕರೆದುಕೊಂಡು ಸಾಲಿನಲ್ಲಿ ನಿಲ್ಲಿ, ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ದುಡ್ಡು ಕೊಡಲು ಮಾತ್ರ ಹೋಗಬೇಡಿ.