ಅವ್ವನ ಓಲೆ, ಎರಡು ಮಿಷಿನ್ನು

ನಮ್ಮ ಹುಣಸೂರು ಕಡೆ ಯಾರಾದ್ರೂ ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿಕೊಂಡು ಹೊಲದಲ್ಲಿ ಓಡಾಡಿದರೆ ಊರು ಕೇಳೋದು ಒಂದೇ ಪ್ರಶ್ನೆ: "ನಿಧಿ ಸಿಕ್ತಾ?" ಕಳೆದ ಯುಗಾದಿ ಮಾರನೇ ದಿನ ನನಗೂ ಅದೇ ಪ್ರಶ್ನೆ ಬಂತು. ನಾನು ಹುಡುಕ್ತಿದ್ದದ್ದು ನಿಧಿ ಅಲ್ಲ ಸ್ವಾಮಿ, ಅವ್ವನ ಓಲೆ.

2009ರಲ್ಲಿ ಹೊಗೆಸೊಪ್ಪು ಮುರಿಯೋ ಕಾಲ. ಬೆಳಗ್ಗೆ ಸೊಪ್ಪು ಮುರಿಯಕ್ಕೆ ಹೋದ ಅವ್ವ ಮನೆಗೆ ಬಂದು ಮುಖ ತೊಳೆಯುವಾಗ ನೋಡಿದರೆ ಎಡಗಿವಿ ಖಾಲಿ. "ತಿರುಪು ಸಡಿಲ ಆಗಿತ್ತು ಕಣ್ಲಾ" ಅಂದಳು, ಅಷ್ಟೇ. ಅಜ್ಜಿ ಕೊಟ್ಟಿದ್ದ ಓಲೆ ಅದು.

ನಾನಾಗ ಮೈಸೂರಲ್ಲಿ ಮೂರನೇ ವರ್ಷದ ಬಿಇ. ಮಿನಿ ಪ್ರಾಜೆಕ್ಟ್ ಅಂತ ಒಂದು ಮೆಟಲ್ ಡಿಟೆಕ್ಟರ್ ಮಾಡಿದ್ದೆ. ಹಳೇ ಕಾಲದ ಬಿಎಫ್‌ಒ ಮಾದರಿ. ಎರಡು ಆಸಿಲೇಟರ್, ಒಂದರ ಕಾಯಿಲ್ ನೆಲದ ಕಡೆ. ಎರಡರ ಫ್ರೀಕ್ವೆನ್ಸಿಯ ವ್ಯತ್ಯಾಸ ಕಿವಿಗೆ 'ಕುಂಯ್' ಅಂತ ಕೇಳುತ್ತೆ. ಲೋಹ ಹತ್ತಿರ ಬಂದರೆ ಆ ರಾಗ ಬದಲಾಗುತ್ತೆ. ದಸರಾ ರಜೆಗೆ ಅದನ್ನ ಊರಿಗೆ ಹೊತ್ತುಕೊಂಡು ಹೋದೆ. ಹೊಲದಲ್ಲಿ ಅದು ಎಲ್ಲದಕ್ಕೂ ಕೂಗ್ತು. ಬ್ಯಾರನ್ನಿನ ತಗಡಿನ ಚೂರು, ಜಿಐ ತಂತಿ, ಮೊಳೆ ಎಲ್ಲಕ್ಕೂ ಒಂದೇ ರಾಗ. ನಮ್ಮ ಕೆಂಪು ಮಣ್ಣಲ್ಲೇ ಕಬ್ಬಿಣ ಇದೆಯಲ್ಲ, ಬರೀ ನೆಲಕ್ಕೂ ಕೂಗ್ತಿತ್ತು. ಬಿಸಿಲು ಏರಿದರೆ ತಾನೇ ಶ್ರುತಿ ಬದಲಿಸ್ತಿತ್ತು. ಅವ್ವ ಎರಡು ದಿನ ಕುಡ್ಲು ಹಿಡಿದು ನನ್ನ ಹಿಂದೆ ಅಲೆದಳು. ಮೂರನೇ ದಿನ, "ಬುಡು ಮಗ, ಭೂಮ್ತಾಯಿ ಇಟ್ಕೊಂಡವ್ಳೆ" ಅಂದಳು.

ಈಗ ಬೆಂಗಳೂರಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ವಿಎಲ್ಎಫ್ ಡಿಟೆಕ್ಟರ್ ಕೊಂಡಿದ್ದೀನಿ. ಹೋಲಿಸೋಕೇ ಆಗಲ್ಲ. ಒಂದು ಕಾಯಿಲ್ ಸಿಗ್ನಲ್ ಕಳಿಸುತ್ತೆ, ಇನ್ನೊಂದು ಕೇಳಿಸಿಕೊಳ್ಳುತ್ತೆ. ವಾಪಸ್ ಬಂದ ಸಿಗ್ನಲ್ಲಿನ ಫೇಸ್ ಎಷ್ಟು ಹಿಂದೆ ಬಿತ್ತು ಅಂತ ಲೆಕ್ಕ ಹಾಕಿ ಪರದೆ ಮೇಲೆ ಒಂದು ನಂಬರ್ ತೋರಿಸುತ್ತೆ. ಕಬ್ಬಿಣಕ್ಕೆ ಕಡಿಮೆ, ಬೆಳ್ಳಿ, ತಾಮ್ರಕ್ಕೆ ಜಾಸ್ತಿ. ಗ್ರೌಂಡ್ ಬ್ಯಾಲೆನ್ಸ್ ಮಾಡಿದರೆ ಕೆಂಪು ಮಣ್ಣು ಬಾಯಿ ಮುಚ್ಚುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಡಿಸ್ಕ್ರಿಮಿನೇಶನ್: ಕಸದ ನಂಬರುಗಳನ್ನ ಮೊದಲೇ ಕಟ್ ಮಾಡಿಬಿಡಬಹುದು. ನಾನು 55ರ ಕೆಳಗಿನದ್ದೆಲ್ಲ ಕಟ್ ಮಾಡಿದೆ.

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೊಲ ಶಾಂತ. ಸಿಕ್ಕಿದ್ದು ಒಂದು ಚೌಕದ ಐದು ಪೈಸೆ. ನೋಡೋಕೆ ನಿಂತಿದ್ದ ದೊಡ್ಡಪ್ಪ, "ನಿಧಿ ಸಿಕ್ಕಿದ್ರೆ ನಮ್ಗೂ ಪಾಲು ಕೊಡಪ್ಪ" ಅಂದರು. ಪಾಲು ದೂರದ ಮಾತು. ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹುದುಗಿದ್ದ, ಬೆಲೆಬಾಳುವ ನಿಧಿ ಸಿಕ್ಕರೆ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಹೇಳಿದೆ. "ಹಂಗಾರೆ ಐದು ಪೈಸೆ ನೀನೇ ಇಟ್ಕೊ" ಅಂದರು.

ಊಟಕ್ಕೆ ಕೂತಾಗ ಅವ್ವ ಟ್ರಂಕಿಂದ ಬಲಗಿವಿಯ ಓಲೆ ತಂದಳು. ಇಷ್ಟು ವರ್ಷ ಒಂಟಿ ಓಲೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. "ಇದ್ರ ಜೋಡಿ ಅದು, ತೋರ್ಸು ನಿನ್ ಮಿಷಿನ್ನಿಗೆ." ಅಂಗಳದಲ್ಲಿಟ್ಟು ಕಾಯಿಲ್ ಆಡಿಸಿದೆ. ಸದ್ದೇ ಇಲ್ಲ. ಡಿಸ್ಕ್ರಿಮಿನೇಶನ್ ತೆಗೆದೆ. 46, 47. ಸಣ್ಣ ಬಂಗಾರದ ನಂಬರೂ ಅಲ್ಯೂಮಿನಿಯಂ ಹಾಳೆಯ ನಂಬರೂ ಹೆಚ್ಚುಕಮ್ಮಿ ಒಂದೇ. ಬೆಳಗ್ಗೆಯೆಲ್ಲ ನಾನು ಓಲೆ ಮೇಲೇ ನಡೆದು ಹೋಗಿದ್ದರೂ ಗೊತ್ತಾಗುತ್ತಿರಲಿಲ್ಲ.

1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಒಂದು ಯಂತ್ರ ಹಿಡಿದು ಮೈಯಲ್ಲಿ ಗುಂಡು ಹುಡುಕಿದ್ದ. ಗುಂಡು ಬಲಗಡೆ ಇದೆ ಅಂತ ನಂಬಿದ್ದ ಡಾಕ್ಟರು ಬಲಗಡೆ ಮಾತ್ರ ಹುಡುಕೋಕೆ ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ನನ್ನ ಕತೆಯಲ್ಲಿ ಆ ಡಾಕ್ಟರೂ ನಾನೇ.

ಮಧ್ಯಾಹ್ನ ಏನೂ ಕಟ್ ಮಾಡದೆ ಹೊರಟೆ. ಹೊಸ ಮಿಷಿನ್ನು ಹಳೇದರ ಥರಾನೇ ಎಲ್ಲದಕ್ಕೂ ಕೂಗ್ತು. ಬದುವಿನ ಹೊಂಗೆ ಮರದ ಹತ್ತಿರ 46, 47, 45, ಒಂದರ ಹಿಂದೆ ಒಂದು. ಎದೆ ಡವಡವ. ಅಗೆದೆ. ಮಾತ್ರೆ ಸ್ಟ್ರಿಪ್ಪು. ಇನ್ನೊಂದು ಅಗೆದೆ, ಸ್ಟ್ರಿಪ್ಪು. ಸಂಜೆ ಹೊತ್ತಿಗೆ ಇಪ್ಪತ್ತಮೂರು ಆಗಿದ್ದವು.

"ಇದ್ಯಾರವ್ವ ಇಷ್ಟು ಮಾತ್ರೆ ನುಂಗಿರೋದು?"

ಅವ್ವ ನಕ್ಕಳು. "ಇಬ್ಬನಿಲಿ ಸೊಪ್ಪು ಮುರಿದ್ರೆ ತಲೆ ಸುತ್ತೋದು, ವಾಂತಿ ಬರೋದು. ಒಂದು ಮಾತ್ರೆ ಹಾಕ್ಕೊಂಡು, ಮರದ ಕೆಳಗೆ ಒಂದ್ಗಳಿಗೆ ಕೂತ್ಕೊಂಡು ಮತ್ತೆ ಮುರಿಯೋದು. ನಿಮ್ಮಪ್ಪಂಗೆ ಹೇಳಿದ್ರೆ ಕೂಲಿ ಇಡ್ತಿದ್ರು. ನಿನ್ ಫೀಸಿಗೆ ಎಲ್ಲಿಂದ ತರೋದು?"

ಅದಕ್ಕೊಂದು ಹೆಸರಿದೆ ಅಂತ ರಾತ್ರಿ ಓದಿದೆ: ಗ್ರೀನ್ ಟೊಬ್ಯಾಕೊ ಸಿಕ್‌ನೆಸ್. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತೆ. ಹೊಗೆಸೊಪ್ಪಿನ ದುಡ್ಡಲ್ಲೇ ಇಂಜಿನಿಯರ್ ಆದ ನನಗೆ ಇದು ಗೊತ್ತಿರಲಿಲ್ಲ.

ಯಾವ ಮಿಷಿನ್ನು ಕೊಳ್ಳಲಿ ಅಂತ ಕೇಳಿದರೆ ಹೊಸದೇ ಕೊಳ್ಳಿ ಅಂತೀನಿ. ಆದರೆ ನೀವು ಕಳ್ಕೊಂಡ ವಸ್ತುವಿನ ಜೋಡಿ ಇದ್ದರೆ ಮೊದಲು ಅದರ ಮೇಲೆ ಆಡಿಸಿ ನೋಡಿ. ಏನನ್ನ ಕಟ್ ಮಾಡಬೇಕು ಅನ್ನೋದು ಆಮೇಲೆ.

ಓಲೆ ಸಿಗಲಿಲ್ಲ. ಅವ್ವನಿಗೆ ರಬ್ಬರ್ ಗ್ಲೌಸು, ತುಂಬುತೋಳಿನ ಅಂಗಿ ತಂದುಕೊಟ್ಟೆ. "ಕೈ ಬೆವರ್ತದೆ" ಅಂತ ಎರಡನ್ನೂ ಗೂಟಕ್ಕೆ ನೇತುಹಾಕವ್ಳೆ. ಸೊಪ್ಪು ಮುರಿಯೋ ಕಾಲಕ್ಕೆ ಹದಿನೈದು ದಿನ ರಜೆ ಹಾಕಿದ್ದೀನಿ. ನಾನೇ ಹಾಕ್ಕೊಂಡು ಮುರೀತೀನಿ.