ಉಳವಿಯ ಹಾದಿ ಮತ್ತು ಕಾರಿನ ಕೀಲಿಕೈ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ದಟ್ಟ ಅರಣ್ಯದ ನಡುವೆ ಇರುವ ಉಳವಿಯು ಚೆನ್ನಬಸವಣ್ಣನವರು ಲಿಂಗೈಕ್ಯರಾದ ಪುಣ್ಯಸ್ಥಳ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವುಂಟಾದಾಗ, ಶರಣರ ಒಂದು ಸಮೂಹವು ಅವರ ನೇತೃತ್ವದಲ್ಲಿ ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಈ ಕಾಡನ್ನು ಸೇರಿತೆಂಬುದು ಹಿರಿಯರಿಂದ ನಮಗೆ ಬಂದ ಪರಂಪರೆ. ಚೆನ್ನಬಸವಣ್ಣನವರ ಸಮಾಧಿಯ ದರ್ಶನ ಪಡೆದು, ಮಹಾಮನೆ ಗವಿಯನ್ನೂ ಹರಳಯ್ಯನ ಚಿಲುಮೆಯನ್ನೂ ಕಂಡು ಬರುವವರಿಗೆ ಆ ಕಾಡಿನ ಮೌನವೇ ಒಂದು ಅನುಭಾವವೆನಿಸುತ್ತದೆ.

ಧಾರವಾಡದಿಂದ ಹಳಿಯಾಳ, ದಾಂಡೇಲಿಗಳ ಮೂಲಕ ಸಾಗುವ ಹಾದಿಯು ಮುಂದೆ ಗಣೇಶಗುಡಿಗೆ ಬರುತ್ತದೆ. ಕಾಳಿ ನದಿಗೆ ಅಡ್ಡಲಾಗಿ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇರುವುದು ಇಲ್ಲಿಯೇ. ಅಲ್ಲಿಂದ ಜೋಯಿಡಾ, ಕುಂಬಾರವಾಡಗಳನ್ನು ದಾಟಿದರೆ ಉಳವಿ. ಇದೆಲ್ಲ ಹುಲಿಗಳಿಗೆ ಮೀಸಲಾದ ಕಾಡಿನ ಸೀಮೆ. 2007ರಲ್ಲಿ ಅಣಶಿ–ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಅರಣ್ಯಕ್ಕೆ 2015ರಲ್ಲಿ ಕಾಳಿ ನದಿಯ ಹೆಸರನ್ನೇ ಇಡಲಾಯಿತು. ಹಾದಿ ತಿರುವುಗಳಿಂದ ತುಂಬಿದೆ, ಜನವಸತಿ ವಿರಳ, ಅನೇಕ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತಬಂಧುಗಳು ಚಕ್ಕಡಿ ಕಟ್ಟಿಕೊಂಡು ಬರುವುದು ಇಂದಿಗೂ ನಿಂತಿಲ್ಲ. ಹೊರಡುವ ಮುನ್ನ ಅವರು ಮಾಡಿಕೊಳ್ಳುವ ಸಿದ್ಧತೆಯನ್ನು ಗಮನಿಸಬೇಕು. ಎತ್ತಿನ ಮೇವು, ಹಗ್ಗ, ಕೀಲೆಣ್ಣೆ, ಗಾಲಿ ಕಳಚದಂತೆ ಹಾಕುವ ಇನ್ನೊಂದು ಕಡಾಣಿ, ಎಲ್ಲವೂ ಗಾಡಿಯಲ್ಲಿ ಇರುತ್ತವೆ. ಕಾಡಿನಲ್ಲಿ ಕಡಾಣಿ ಬಿದ್ದುಹೋದರೆ ಗತಿಯೇನೆಂಬುದನ್ನು ಊರಿನಲ್ಲಿದ್ದಾಗಲೇ ಯೋಚಿಸಿದವರು ಅವರು. ಕಾರಿನಲ್ಲಿ ಹೋಗುವ ನಾವು ಪೆಟ್ರೋಲು, ಗಾಳಿ ನೋಡಿಕೊಂಡು ಹೊರಟುಬಿಡುತ್ತೇವೆ. ಕೈಬೆರಳಿನಷ್ಟು ಉದ್ದದ ಕೀಲಿಕೈಯೂ ನಮ್ಮ ಗಾಡಿಯ ಕಡಾಣಿಯೇ ಎಂಬುದು ಅದು ಕಾರಿನೊಳಗೇ ಉಳಿದು ಬಾಗಿಲು ಮುಚ್ಚಿಕೊಂಡಾಗ ಮಾತ್ರ ಅರಿವಿಗೆ ಬರುತ್ತದೆ.

ತೊಂದರೆ ಒದಗುವ ಬಗೆ

ಈ ತೊಂದರೆಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಮೂರು ಗಂಟೆಗೂ ಹೆಚ್ಚು ಕಾಲ ತಿರುವುಗಳ ಹಾದಿಯಲ್ಲಿ ಬಂದು ದಣಿದಿರುತ್ತೇವೆ. ದರ್ಶನದ ಆತುರವಿರುತ್ತದೆ. ಕಾಯಿ, ಪತ್ರೆ, ಹೂವಿನ ಬುಟ್ಟಿ ತೆಗೆಯಲೆಂದು ಡಿಕ್ಕಿ ತೆರೆದು, ಎರಡೂ ಕೈ ಬೇಕಾದಾಗ ಕೀಲಿಕೈಯನ್ನು ಅಲ್ಲಿಯೇ ಚೀಲದ ಮೇಲೆ ಇಡುತ್ತೇವೆ. ಬುಟ್ಟಿ ಎತ್ತಿಕೊಂಡು ಡಿಕ್ಕಿ ಮುಚ್ಚುತ್ತೇವೆ. ಹಲವು ಕಾರುಗಳಲ್ಲಿ, ರಿಮೋಟಿನಿಂದ ಬೀಗ ತೆಗೆದು ಸ್ವಲ್ಪ ಹೊತ್ತಿನೊಳಗೆ ಯಾವ ಬಾಗಿಲನ್ನೂ ತೆರೆಯದಿದ್ದರೆ ಬೀಗ ತಾನಾಗಿಯೇ ಮತ್ತೆ ಬೀಳುತ್ತದೆ. ಕೀಲಿಕೈ ಒಳಗಿದ್ದರೆ ಬೀಗ ಬೀಳದಂತೆ ತಡೆಯುವ ಏರ್ಪಾಡು ಹೊಸ ಕಾರುಗಳಲ್ಲಿ ಉಂಟು. ಆದರೆ ಕೀಲಿಯೊಳಗಿನ ಬ್ಯಾಟರಿ ಸೊರಗಿದ್ದರೆ, ಅಥವಾ ಕೀಲಿಯು ಲೋಹದ ಡಬ್ಬಿಯ ಮರೆಯಲ್ಲಿದ್ದರೆ, ಆ ಏರ್ಪಾಡೂ ಮೋಸಹೋಗಬಹುದು.

ಪೇಟೆಯಲ್ಲಾದರೆ ಇದು ಒಂದು ಗಂಟೆಯ ಕಿರಿಕಿರಿ. ಕಾಡಿನ ಕ್ಷೇತ್ರದಲ್ಲಿ ಹಾಗಲ್ಲ. ಮೊಬೈಲು ಕಾರಿನೊಳಗೆ, ಹಣದ ಚೀಲ ಒಳಗೆ, ಮಧುಮೇಹವಿರುವ ಹಿರಿಯರ ಮಾತ್ರೆ, ಇನ್ಸುಲಿನ್ ಒಳಗೆ. ಇಷ್ಟಲಿಂಗವೇನೋ ಅಂಗದ ಮೇಲೆಯೇ ಇರುತ್ತದೆ. ಆದರೆ ವಿಭೂತಿ, ಪತ್ರೆ, ಪೂಜೆಯ ತಂಬಿಗೆ ಕಾರಿನಲ್ಲಿ ಸಿಲುಕಿರುತ್ತವೆ. ಲಿಂಗಪೂಜೆಯಾಗದೆ ಪ್ರಸಾದ ಸ್ವೀಕರಿಸದ ಹಿರಿಯರು ನಮ್ಮ ಅನೇಕ ಮನೆಗಳಲ್ಲಿ ಇದ್ದಾರೆ. ಮಧುಮೇಹದ ಔಷಧಿಯೂ ಹೊತ್ತು ಮೀರಿ, ಊಟವೂ ಹೊತ್ತು ಮೀರಿದರೆ ಅವರ ಪ್ರಾಣಕ್ಕೇ ಸಂಚಕಾರ. ಆದುದರಿಂದ ಇದನ್ನು ಮರೆವಿನ ಸಣ್ಣ ಮಾತೆಂದು ತಳ್ಳಿಹಾಕಲಾಗದು.

ಮನೆಯಲ್ಲೇ ಆಗಬೇಕಾದ ಸಿದ್ಧತೆ

ಕಾರು ಕೊಂಡಾಗ ಎರಡು ಕೀಲಿಕೈ ಕೊಡುತ್ತಾರೆ. ಎರಡನೆಯದು ಮನೆಯ ತಿಜೋರಿಯಲ್ಲಿ ಭದ್ರವಾಗಿದ್ದರೆ ಉಳವಿಯಲ್ಲಿ ನಿಂತವರಿಗೆ ಅದರಿಂದ ಪ್ರಯೋಜನವಿಲ್ಲ. ದೂರದ ಯಾತ್ರೆಗೆ ಹೊರಟಾಗ ಅದು ಜೊತೆಗಿರಬೇಕು. ಕಾರು ನಡೆಸುವವರ ಬಳಿಯಲ್ಲದೆ ಬೇರೊಬ್ಬರ ಮೈಮೇಲೆ ಇರಬೇಕು. ಬ್ಯಾಗಿನಲ್ಲಿಟ್ಟರೆ ಬ್ಯಾಗು ಕಾರಿನಲ್ಲೇ ಉಳಿಯುತ್ತದೆ. ಅಜ್ಜಿಯ ಸೊಂಟದಲ್ಲಿರುವ ಎಲೆ-ಅಡಿಕೆಯ ಸಂಚಿಗಿಂತ ಭದ್ರವಾದ ಸ್ಥಳ ಇನ್ನೊಂದಿಲ್ಲ. ಅವರು ಅದನ್ನು ಎಲ್ಲಿಯೂ ಬಿಟ್ಟು ಹೋಗುವವರಲ್ಲ! ಬಂಧುಗಳು ಎರಡು ಕಾರುಗಳಲ್ಲಿ ಹೊರಟರೆ, ಒಂದು ಕಾರಿನ ಎರಡನೆಯ ಕೀಲಿಯನ್ನು ಇನ್ನೊಂದು ಕಾರಿನವರು ಇಟ್ಟುಕೊಳ್ಳುವುದು ಲೇಸು.

ಕೆಲವರು ಆಯಸ್ಕಾಂತದ ಡಬ್ಬಿಯಲ್ಲಿ ಕೀಲಿಯನ್ನಿಟ್ಟು ಕಾರಿನ ಅಡಿಗೆ ಅಂಟಿಸುತ್ತಾರೆ. ಇದು ಸಲ್ಲದು. ಕೆಟ್ಟ ಹಾದಿಯ ಕುಲುಕಾಟಕ್ಕೆ ಡಬ್ಬಿ ಕಳಚಿ ಬೀಳಬಹುದು. ಕಳ್ಳರು ಮೊದಲು ಹುಡುಕುವುದೂ ಅಲ್ಲಿಯೇ.

ಇಂದಿನ ಕೀಲಿಕೈಗಳಲ್ಲಿ ಒಂದು ಚಿಪ್ ಇರುತ್ತದೆ. ಅದನ್ನು ಗುರುತಿಸದೆ ಎಂಜಿನ್ ಚಾಲೂ ಆಗದು. ಹೀಗಾಗಿ ಚಿಪ್ ಸಹಿತವಾದ ಹೊಸ ಕೀಲಿಗೆ ಬಹಳ ಖರ್ಚು. ಆದರೆ ಬಾಗಿಲಿಗೆ ಕೀಲಿರಂಧ್ರವಿರುವ ಕಾರುಗಳಿಗೆ, ಚಿಪ್ಪಿಲ್ಲದ ಸಾದಾ ನಕಲು ಕೀಲಿಯನ್ನು ಕಡಿಮೆ ವೆಚ್ಚದಲ್ಲಿ ಮಾಡಿಸಿಕೊಳ್ಳಬಹುದು. ಅದರಿಂದ ಕಾರು ಓಡದು. ಬಾಗಿಲು ಮಾತ್ರ ತೆರೆಯುತ್ತದೆ. ಕೀಲಿಕೈ ಒಳಗೇ ಬಿದ್ದಿರುವಾಗ ನಮಗೆ ಬೇಕಾದುದು ಅಷ್ಟೇ. ಕೆಲವು ಕಾರುಗಳಲ್ಲಿ ಹೀಗೆ ತೆರೆದಾಗ ಎಚ್ಚರಿಕೆಯ ಗಂಟೆ ಕೂಗಬಹುದು, ಗಾಬರಿಯಾಗಬೇಕಿಲ್ಲ. ನಕಲು ಕೀಲಿಯನ್ನು ಮನೆಯಲ್ಲೇ ಒಮ್ಮೆ ಹಾಕಿ ನೋಡಿರಬೇಕು.

ಗುಂಡಿ ಒತ್ತಿ ಚಾಲೂ ಮಾಡುವ ಕಾರಿನ ಕೀಲಿಯೊಳಗೂ ಸಾಮಾನ್ಯವಾಗಿ ಒಂದು ಲೋಹದ ಕಿರುಕೀಲಿ ಅಡಗಿರುತ್ತದೆ. ಅದನ್ನು ಹಾಕುವ ರಂಧ್ರವು ಚಾಲಕರ ಬಾಗಿಲ ಹಿಡಿಯ ಬಳಿ, ಕೆಲವೊಮ್ಮೆ ಒಂದು ಮುಚ್ಚಳದ ಕೆಳಗೆ ಇರುತ್ತದೆ. ರಿಮೋಟು ಸತ್ತಾಗ ಇದೇ ಗತಿ. ಅನೇಕ ಕೀಲಿಗಳಿಗೆ ಹಾಕುವುದು ಸಿಆರ್ 2032 ಎಂಬ ಬಿಲ್ಲೆಯಂಥ ಬ್ಯಾಟರಿ. ನಮ್ಮದು ಯಾವುದೆಂದು ನೋಡಿಕೊಂಡು, ಯಾತ್ರೆಗೆ ಮೊದಲು ಹೊಸದನ್ನು ಹಾಕಿಸಬೇಕು. ಮೊಬೈಲಿನಿಂದಲೇ ಬಾಗಿಲು ತೆರೆಯುವ ಸೌಲಭ್ಯವನ್ನು ನೆಚ್ಚಿಕೊಂಡವರು ಒಂದು ಮಾತು ನೆನಪಿಡಬೇಕು: ಅದಕ್ಕೆ ಮೊಬೈಲಿಗೂ ಕಾರಿಗೂ ಸಿಗ್ನಲ್ ಬೇಕು. ಉಳವಿಯ ಕಾಡಿನಲ್ಲಿ ಅದನ್ನು ನಂಬಿ ಕೂರಲಾಗದು.

ಇನ್ನೊಂದು ಕೆಲಸಕ್ಕೆ ಬೇಕಾದುದು ಒಂದು ಚೀಟಿ ಮಾತ್ರ. ಕಾರಿನ ನಂಬರು, ವಿಮೆಯ ಪಾಲಿಸಿ ಸಂಖ್ಯೆ, ಕಾರು ಕಂಪನಿಯ ಹಾಗೂ ವಿಮೆಯವರ ಮಾರ್ಗಮಧ್ಯದ ನೆರವಿನ ದೂರವಾಣಿ, ಮನೆಯವರ ನಂಬರುಗಳು, ಇವನ್ನು ಬರೆದು ಇಬ್ಬರ ಜೇಬಿನಲ್ಲಿರಿಸಬೇಕು. ನಂಬರುಗಳೆಲ್ಲ ಮೊಬೈಲಿನಲ್ಲಿದ್ದು, ಮೊಬೈಲು ಕಾರಿನಲ್ಲಿದ್ದರೆ ಬೇರೊಬ್ಬರ ದೂರವಾಣಿ ಸಿಕ್ಕಿಯೂ ಉಪಯೋಗವಿಲ್ಲ. ವಿಮೆಯಲ್ಲಿ ಮಾರ್ಗಮಧ್ಯದ ನೆರವು ಸೇರಿದೆಯೇ ಎಂಬುದನ್ನೂ ಮೊದಲೇ ನೋಡಿರಬೇಕು.

ಕ್ಷೇತ್ರದಲ್ಲಿ ಇಳಿಯುವಾಗ

ಇಳಿಯುವಾಗ ಒಂದು ಕ್ರಮವನ್ನು ರೂಢಿಸಿಕೊಳ್ಳಬೇಕು. ಮೊದಲು ಕೆಳಗಿಳಿಯಬೇಕಾದುವು ಔಷಧಿಯ ಚೀಲ, ಪೂಜೆಯ ಚೀಲ ಮತ್ತು ನೀರು. ಆಮೇಲೆ ಮಕ್ಕಳು. ಕೊನೆಯಲ್ಲಿ, ಕೀಲಿಕೈಯನ್ನು ಕೈಯಲ್ಲಿ ಕಣ್ಣಾರೆ ಕಂಡ ನಂತರವೇ ಬಾಗಿಲು ಮುಚ್ಚಿ, ಹೊರಗಿನಿಂದ ಬೀಗ ಹಾಕಬೇಕು. ಒಳಗಿನ ಗುಂಡಿ ಒತ್ತಿ ಬಾಗಿಲು ಎಳೆದುಕೊಳ್ಳುವ ಅಭ್ಯಾಸವನ್ನು ಬಿಡಬೇಕು.

ಮಕ್ಕಳ ಕೈಗೆ ಆಟಿಕೆಯಂತೆ ಕೀಲಿಕೈ ಕೊಡುವುದು ಅತ್ಯಂತ ಅಪಾಯ. ಒಳಗೆ ಕುಳಿತ ಕೂಸು ಗುಂಡಿ ಒತ್ತಿದರೆ ಕೂಸೂ ಕೀಲಿಯೂ ಒಳಗೆ, ಹೆತ್ತವರು ಹೊರಗೆ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ತಾಪ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು. ಗಾಜನ್ನು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಾಗದು. ಮಕ್ಕಳ ಮೈ ದೊಡ್ಡವರಿಗಿಂತ ಬಹುಬೇಗ ಕಾಯುತ್ತದೆ. ಇಂಥ ಹೊತ್ತಿನಲ್ಲಿ ಮೆಕ್ಯಾನಿಕ್ಕನ ದಾರಿ ಕಾಯಬಾರದು. ಗಾಜಿನ ಬೆಲೆಯನ್ನೂ ನೋಡಬಾರದು. ಒಬ್ಬರು 112ಕ್ಕೆ ಕರೆ ಮಾಡಲಿ. ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದಲ್ಲಿ ಆ ಕರೆ ಹೋಗಬಲ್ಲದು. ಇನ್ನೊಬ್ಬರು ಮಗುವಿನಿಂದ ಅತಿ ದೂರದಲ್ಲಿರುವ ಪಕ್ಕದ ಗಾಜನ್ನು ಆರಿಸಿ, ಮುಖವನ್ನು ಬಟ್ಟೆಯಿಂದ ಮರೆಮಾಡಿ, ಕೈಗೂ ದಪ್ಪ ಬಟ್ಟೆ ಸುತ್ತಿಕೊಂಡು, ಅದರ ಕೆಳಮೂಲೆಗೆ ಗಟ್ಟಿಯಾದ ಚೂಪು ಕಲ್ಲಿನಿಂದಲೋ ಮತ್ತೊಂದು ವಾಹನದ ಗಾಲಿ ಬಿಚ್ಚುವ ಪಾನಾದಿಂದಲೋ ಹೊಡೆಯಬೇಕು. ಪಕ್ಕದ ಗಾಜು ಸಾಮಾನ್ಯವಾಗಿ ಸಣ್ಣ ಹರಳುಗಳಾಗಿ ಉದುರುತ್ತದೆ. ಮುಂದಿನ ಗಾಜಿನ ನಡುವೆ ಪದರವಿರುವುದರಿಂದ ಅದು ಬಿರುಕುಬಿಟ್ಟರೂ ಉದುರದು; ಅದಕ್ಕೆ ಹೊಡೆದು ಹೊತ್ತು ಕಳೆಯಬಾರದು.

ಒಳಗೆ ಯಾರೂ ಇಲ್ಲದಿದ್ದರೆ ಆತುರ ಸಲ್ಲ. ಡಿಕ್ಕಿಯೂ ಸೇರಿ ಎಲ್ಲ ಬಾಗಿಲುಗಳನ್ನು ಒಮ್ಮೆ ಎಳೆದು ನೋಡಬೇಕು. ಪಟ್ಟಿ, ತಂತಿಗಳನ್ನು ಗಾಜಿನ ಸಂದಿಗೆ ತೂರಿಸಲು ಅನುಭವವಿಲ್ಲದವರು ಹೋಗಬಾರದು. ಬಾಗಿಲೊಳಗಿನ ವಿದ್ಯುತ್ ತಂತಿಗಳು ಹರಿದರೆ ನಷ್ಟ ಇಮ್ಮಡಿಯಾಗುತ್ತದೆ. ಕ್ಷೇತ್ರದ ಆಡಳಿತದವರಿಗೆ ತಿಳಿಸಿ, ಅವರ ನೆರವಿನಿಂದ ದಾಂಡೇಲಿಯ ಕಡೆಯಿಂದ ಬಲ್ಲವರನ್ನು ಕರೆಸುವುದು ಉತ್ತಮ. ಅವರು ಕಾಡು ಹಾದಿಯಲ್ಲಿ ಬರಬೇಕಾದುದರಿಂದ ಹೊತ್ತು ಹಿಡಿಯುತ್ತದೆ. ಕತ್ತಲಾಗುವಂತಿದ್ದರೆ ಅಂದು ಅಲ್ಲಿಯೇ ತಂಗಬೇಕೇ ಹೊರತು, ಕಾಡುಪ್ರಾಣಿಗಳು ಸಂಚರಿಸುವ ಹಾದಿಯಲ್ಲಿ ನೆರವು ಹುಡುಕುತ್ತ ನಡೆದು ಹೋಗಬಾರದು.

ಉಳವಿಗೆ ಬಂದವರಿಗೆ ಉಣಲಿಕ್ಕುವ ದಾಸೋಹವಿದೆ. ಕಷ್ಟದಲ್ಲಿರುವವರನ್ನು ವಿಚಾರಿಸುವ ಶರಣರಿದ್ದಾರೆ. ಆದರೂ ನಮ್ಮ ಭಾರವನ್ನು ಅವರ ಮೇಲೆ ಹೊರಿಸದಂತೆ ಸಿದ್ಧರಾಗಿ ಹೋಗುವುದು ನಮ್ಮ ಕರ್ತವ್ಯ. ಕಲ್ಯಾಣದಿಂದ ಹೊರಟ ಶರಣರು ಉಳಿಸಬೇಕಾದುದನ್ನು ತಮ್ಮ ಜೊತೆಯಲ್ಲೇ ಹೊತ್ತು ತಂದರು. ಆ ಹಾದಿಯಲ್ಲಿ ಸಾಗುವ ಪ್ರತಿಯೊಂದು ಕುಟುಂಬವೂ ಹೊರಡುವ ಹಿಂದಿನ ರಾತ್ರಿ ಎರಡನೆಯ ಕೀಲಿಕೈ ಯಾರ ಬಳಿ, ಔಷಧಿಯ ಚೀಲ ಯಾರ ಕೈಯಲ್ಲಿ, ಚೀಟಿ ಯಾರ ಜೇಬಿನಲ್ಲಿ ಎಂದು ಕೇಳಿಕೊಳ್ಳಲಿ. ಚೆನ್ನಬಸವಣ್ಣನವರ ದರ್ಶನ ಎಲ್ಲರಿಗೂ ನಿರ್ವಿಘ್ನವಾಗಿ ದೊರೆಯಲಿ. ಶರಣು ಶರಣಾರ್ಥಿ.