ಕೊನೆಯ 2.1 ಕಿಲೋಮೀಟರ್

ಸೆಕೆಂಡಿಗೆ 1683 ಮೀಟರ್ ವೇಗ. 30 ಕಿಲೋಮೀಟರ್ ಕೆಳಗೆ ಚಂದ್ರನ ನೆಲ. ಗಾಳಿಯಿಲ್ಲದ ಲೋಕದಲ್ಲಿ ಪ್ಯಾರಾಚೂಟ್ ಬಿಚ್ಚಿದರೂ ಅರಳದು. ಇರುವ ಬ್ರೇಕ್ ಒಂದೇ, ಎಂಜಿನ್. 2019ರ ಸೆಪ್ಟೆಂಬರ್ 7, ನಡುರಾತ್ರಿ ಕಳೆದು 1 ಗಂಟೆ 38 ನಿಮಿಷಕ್ಕೆ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಹೋಗುವ ದಿಕ್ಕಿಗೇ ಎಂಜಿನ್ ತಿರುಗಿಸಿ ಉರಿಸತೊಡಗಿತು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಒಂದು ಹಸಿರು ಚುಕ್ಕಿ ನಿಗದಿತ ಗೆರೆಯ ಮೇಲೆ ಜಾರಿಕೊಂಡು ಬರುತ್ತಿತ್ತು. ನಿದ್ದೆಗೆಟ್ಟು ಟಿ.ವಿ. ಮುಂದೆ ಕೂತವರಿಗೆ ಆ ಚುಕ್ಕಿಯೇ ವಿಕ್ರಮ್. 7.4 ಕಿ.ಮೀ. ಎತ್ತರಕ್ಕೆ ಬಂದಾಗ ವೇಗ 146 ಮೀಟರಿಗೆ ಇಳಿದಿತ್ತು. ಇನ್ನು ಕೆಲವೇ ನಿಮಿಷ. ಅಷ್ಟರಲ್ಲಿ ಚುಕ್ಕಿ ಗೆರೆ ಬಿಟ್ಟು ಸರಿಯಿತು. ಆಮೇಲೆ ನಿಂತೇ ಹೋಯಿತು. 2.1 ಕಿ.ಮೀ. ಎತ್ತರದವರೆಗೆ ಎಲ್ಲ ಸರಿಯಿತ್ತು, ಬಳಿಕ ಸಂಪರ್ಕ ಕಡಿಯಿತು ಎಂದು ಇಸ್ರೋ ಅಧ್ಯಕ್ಷ ಕೆ. ಶಿವನ್ ಹೇಳುವಾಗ ಅವರ ದನಿ ಕುಸಿದಿತ್ತು.

ಆ 2.1 ಕಿಲೋಮೀಟರ್ ದಾಟಲು ನಾಲ್ಕು ವರ್ಷ ಹಿಡಿಯಿತು. ಸರಿಯಾಗಿ ಹೇಳಿದರೆ ನಾಲ್ಕಕ್ಕೆ ಎರಡು ವಾರ ಕಡಿಮೆ.

ಏನಾಗಿತ್ತು? ಐದು ಎಂಜಿನ್‌ಗಳು ಎಣಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ತಳ್ಳಿದ್ದವು. ಕ್ಯಾಮೆರಾ ಚಿತ್ರ ತೆಗೆಯಲು ನೌಕೆ ಅಲುಗಾಡದೆ ಸಾಗಬೇಕಿದ್ದ ಹಂತದಲ್ಲಿ ಆ ತಪ್ಪುಗಳನ್ನು ತಿದ್ದುವಂತಿರಲಿಲ್ಲ, ಅವು ಒಂದರ ಮೇಲೊಂದು ಪೇರಿದವು. ತಿದ್ದುವ ಸರದಿ ಬಂದಾಗ ನೌಕೆ ಗಕ್ಕನೆ ಹೊರಳಬೇಕಿತ್ತು. ಇಷ್ಟೇ ವೇಗದಲ್ಲಿ ಹೊರಳಬೇಕೆಂದು ತಂತ್ರಾಂಶ ಕೈ ಕಟ್ಟಿತ್ತು. ಇಳಿಯಬೇಕಾದ ಅಂಗಳವೋ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಅದನ್ನು ಮುಟ್ಟಲೇಬೇಕೆಂದು ನೆಲ ಹತ್ತಿರವಾಗುತ್ತಿದ್ದಾಗಲೂ ವಿಕ್ರಮ್ ವೇಗ ಹೆಚ್ಚಿಸಿಕೊಂಡಿತು. ಗುರಿಯಿಂದ 500 ಮೀಟರಿನೊಳಗೇ ಬಿತ್ತು. ಗುರಿ ತಪ್ಪಲಿಲ್ಲ, ಇಳಿಯುವುದು ತಪ್ಪಿತು.

ಈ ಸಂಕಟದ ರುಚಿ ವಿಜ್ಞಾನಿಗಳಲ್ಲದವರಿಗೂ ಸಿಗುವ ಒಂದು ಜಾಗವಿದೆ. ಮೆಕ್ಸಿಕೋದ ಸ್ಕ್ವಾಡ್ ಎಂಬ ಕಂಪನಿ 2011ರ ಜೂನ್‌ನಲ್ಲಿ ಹೊರತಂದ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಕಂಪ್ಯೂಟರ್ ಆಟ. ಹಸಿರು ಬಣ್ಣದ ಪುಟಾಣಿ ಕರ್ಬಲ್‌ಗಳನ್ನು ಕೂರಿಸಿ ರಾಕೆಟ್ ಕಟ್ಟುವುದು, ಹಾರಿಸುವುದು, ಬಹಳ ಸಲ ಸ್ಫೋಟಿಸುವುದು. ಮೇಲುನೋಟಕ್ಕೆ ಮಕ್ಕಳಾಟ. ಒಳಗಿರುವುದು ನ್ಯೂಟನ್ನನ ಲೆಕ್ಕ, ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ರಾಕೆಟ್ ಸಮೀಕರಣ. ನಾಸಾ ಕೂಡ 2014ರಲ್ಲಿ ಈ ಆಟದವರ ಜೊತೆ ಕೈಜೋಡಿಸಿತ್ತು.

ಆಟದಲ್ಲಿ ಜೂಲ್ ಎಂಬ ಹಸಿರು ದೈತ್ಯ ಗ್ರಹವಿದೆ, ನಮ್ಮ ಗುರುವಿನ ಪಡಿಯಚ್ಚು. ಅದಕ್ಕೆ ಐದು ಚಂದ್ರರು: ಲೇತ್, ವಾಲ್, ಟೈಲೋ, ಬಾಪ್, ಪೋಲ್. ಮೊದಲ ಮೂರರ ಸುತ್ತು 1:2:4ರ ತಾಳದಲ್ಲಿ, ಥೇಟ್ ಗುರುವಿನ ಅಯೋ, ಯುರೋಪಾ, ಗ್ಯಾನಿಮೀಡ್‌ಗಳ ಹಾಗೆ. ಒಂದೇ ಪಯಣದಲ್ಲಿ ಐದರ ಮೇಲೂ ಇಳಿದು ಜೀವಂತ ಮನೆಗೆ ಮರಳಬೇಕು. ಆಟಗಾರರ ಲೋಕದಲ್ಲಿ ಇದೇ ಜೂಲ್-5. ಇದನ್ನು ಮುಗಿಸಿದವರ ಮಾತಿಗೆ ಅಲ್ಲಿ ತೂಕ ಜಾಸ್ತಿ.

ಕೊಲ್ಲುವುದು ಟೈಲೋ. ಗಾತ್ರದಲ್ಲಿ ಕರ್ಬಲ್‌ಗಳ ತಾಯ್ನೆಲದಷ್ಟೇ ದೊಡ್ಡದು, ಗುರುತ್ವ ಭೂಮಿಯ ಐದರಲ್ಲಿ ನಾಲ್ಕು ಪಾಲು, ಗಾಳಿ ಮಾತ್ರ ಸೊನ್ನೆ. ಕಕ್ಷೆಯಿಂದ ಇಳಿಯಲು ಸೆಕೆಂಡಿಗೆ 2 ಕಿ.ಮೀ.ಗೂ ಹೆಚ್ಚಿನ ವೇಗವನ್ನು ಎಂಜಿನ್ ಉರಿಸಿಯೇ ಕೊಲ್ಲಬೇಕು. ಮತ್ತೆ ಏರಲು ಅಷ್ಟೇ ವೇಗ ಗಳಿಸಬೇಕು. ಸಾಮಾನ್ಯ ಎಂಜಿನ್ ಹಾಕಿದರೆ ಲ್ಯಾಂಡರ್‌ನ ತೂಕದ ಮುಕ್ಕಾಲು ಪಾಲು ಇಂಧನವೇ ಆಗಿಹೋಗುತ್ತದೆ. ಮಿತವ್ಯಯದ ಅಣು ಎಂಜಿನ್ ಹಾಕೋಣವೆಂದರೆ ಅದರ ತಳ್ಳುವ ಬಲ ಸಾಲದು. ಇಂಧನ ಉಳಿಸುತ್ತ ಉಳಿಸುತ್ತಲೇ ನೆಲಕ್ಕೆ ಬಡಿಯುತ್ತದೆ. ಪರದೆಯ ಮೇಲೆ ಎತ್ತರದ ಅಂಕಿ ಕರಗುತ್ತಿರುತ್ತದೆ, ಇಂಧನದ ಪಟ್ಟಿ ಅದಕ್ಕಿಂತ ಬೇಗ ಕರಗುತ್ತಿರುತ್ತದೆ, ಬೆರಳು ಥ್ರಾಟಲ್ ಕೀಲಿಯ ಮೇಲೆ ಬೆವರುತ್ತಿರುತ್ತದೆ. 800 ಮೀಟರ್. 300. ಬೇಗ ಉರಿಸಿದರೆ ಮೇಲೆಯೇ ನಿಂತು ಇಂಧನ ಬತ್ತುತ್ತದೆ. ತಡವಾದರೆ ಹೊಸದೊಂದು ಕುಳಿ.

ಅನುಭವಸ್ಥರು ಹೀಗಾಗಿ ನೌಕೆಯನ್ನು ತುದಿಯಿಂದ ಬುಡಕ್ಕೆ ಕಟ್ಟುತ್ತಾರೆ. ಮೊದಲ ಪ್ರಶ್ನೆ ಯಾವ ರಾಕೆಟ್ ಎಂಬುದಲ್ಲ. ಟೈಲೋ ನೆಲದಿಂದ ಕೊನೆಯಲ್ಲಿ ಮೇಲೇಳಬೇಕಾದ ಡಬ್ಬಿ ಎಷ್ಟು ಚಿಕ್ಕದಿರಬಹುದು ಎಂಬುದು. ಅದನ್ನು ಇಳಿಸಲು ಬೇಕಾದ ಟ್ಯಾಂಕ್, ಆ ಟ್ಯಾಂಕನ್ನು ಜೂಲ್‌ಗೆ ಒಯ್ಯುವ ಮದರ್‌ಶಿಪ್, ಮದರ್‌ಶಿಪ್ಪನ್ನು ಎತ್ತುವ ರಾಕೆಟ್, ಎಲ್ಲ ಆಮೇಲೆ. ದಿಬ್ಬಣದ ಬಸ್ಸನ್ನು ಊರ ಹೊರಗೆ ನಿಲ್ಲಿಸಿ ಗದ್ದೆಯ ಬದುವಿನ ಮೇಲೆ ನಾಲ್ಕೇ ಜನ ನಡೆದುಹೋಗುವಂತೆ, ಮದರ್‌ಶಿಪ್ ಕಕ್ಷೆಯಲ್ಲೇ ಉಳಿಯಬೇಕು. ಟೈಲೋ ಮುಗಿಸಿ ಬಂದ ಅದೇ ಪುಟ್ಟ ಲ್ಯಾಂಡರ್ ಡಾಕಿಂಗ್ ಪೋರ್ಟಿಗೆ ಅಂಟಿಕೊಂಡು ಇಂಧನ ಕುಡಿದು ವಾಲ್‌ಗೆ, ಬಾಪ್‌ಗೆ, ಪೋಲ್‌ಗೆ ಇಳಿಯಬೇಕು. ಗಾಳಿ, ಕಡಲು ಎರಡೂ ಇರುವ ಲೇತ್‌ಗೆ ಬೇರೆಯೇ ಏರ್ಪಾಡು. ಪೋಲ್‌ನ ಗುರುತ್ವವೋ ಭೂಮಿಯ ನೂರರಲ್ಲಿ ನಾಲ್ಕು ಪಾಲೂ ಇಲ್ಲ. ಅಲ್ಲಿ ಇಳಿಯುವುದು ಸುಲಭ, ಪುಟಿಯದೆ ನಿಲ್ಲುವುದೇ ಕಷ್ಟ.

ಈ ಆಟವನ್ನು ಆಡಲು ಅಹಮದಾಬಾದಿನ ಬೋಪಾಲ್‌ಗಿಂತ ಒಳ್ಳೆಯ ಜಾಗ ನನಗೆ ತೋಚದು. ಮಧ್ಯಪ್ರದೇಶದ ಭೋಪಾಲ್ ಅಲ್ಲ. ನಗರದ ಪಶ್ಚಿಮದಂಚಿನಲ್ಲಿ ಅಪಾರ್ಟ್‌ಮೆಂಟುಗಳು ನುಂಗಿಹಾಕಿರುವ ಹಳೆಯ ಹಳ್ಳಿ. ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್‌ನ ಒಂದು ಆವರಣ ಇಲ್ಲಿದೆ. ಖಾಸಗಿ ಬಾಹ್ಯಾಕಾಶ ಕಂಪನಿಗಳಿಗೆ ಅನುಮತಿ ಕೊಡುವ ಇನ್‌ಸ್ಪೇಸ್‌ನ ಕೇಂದ್ರ ಕಚೇರಿಯೂ 2022ರ ಜೂನ್ 10ರಂದು ಇಲ್ಲೇ ಉದ್ಘಾಟನೆಯಾಯಿತು. ವಿಕ್ರಮ್ ಎಂಬ ಹೆಸರೇ ಈ ಊರಿನದು: ಭಾರತದ ಬಾಹ್ಯಾಕಾಶ ಯೋಜನೆಗೆ ಅಡಿಪಾಯ ಹಾಕಿದ ವಿಕ್ರಮ್ ಸಾರಾಭಾಯಿ 1919ರಲ್ಲಿ ಹುಟ್ಟಿದ್ದು ಅಹಮದಾಬಾದಿನಲ್ಲಿ.

ಹೆಸರಿನ ಜೊತೆ ಕಣ್ಣೂ ಈ ಊರಿನದೇ. ವಿಕ್ರಮ್‌ಗೆ ತಾನು ಎಲ್ಲಿದ್ದೇನೆಂದು ಹೇಳುವ ಕ್ಯಾಮೆರಾ, ಅಡ್ಡಡ್ಡ ಎಷ್ಟು ಜಾರುತ್ತಿದ್ದೇನೆಂದು ಅಳೆಯುವ ಕ್ಯಾಮೆರಾ, ಕೆಳಗಿನ ಬಂಡೆ ಹೊಂಡ ಗುರುತಿಸುವ ಕ್ಯಾಮೆರಾ, ಎತ್ತರ ಅಳೆಯುವ ಕೆಎ-ಬ್ಯಾಂಡ್ ರೇಡಾರ್, ಇವೆಲ್ಲ ಇದೇ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್‌ನ ಕೈಕೆಲಸ. ಬೆಳಕು ಚಂದ್ರನಿಂದ ಭೂಮಿಗೆ ಬರಲು 1.3 ಸೆಕೆಂಡ್. ಪೀಣ್ಯದಿಂದ ಕೂಗಿ ಹೇಳುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಇಳಿಯುವ ನೌಕೆ ತಾನೇ ನೋಡಬೇಕು, ತಾನೇ ತೀರ್ಮಾನಿಸಬೇಕು. ಆಟದಲ್ಲಿ ಎಫ್5 ಒತ್ತಿದರೆ ಆ ಕ್ಷಣ ಉಳಿದಿರುತ್ತದೆ, ಬಿದ್ದರೆ ಎಫ್9 ಹಿಡಿದು ಮತ್ತೆ ಶುರು. ಚಂದ್ರನಲ್ಲಿ ಆ ಕೀಲಿಗಳಿಲ್ಲ.

ಅದಕ್ಕೇ ಚಂದ್ರನನ್ನು ಚಿತ್ರದುರ್ಗಕ್ಕೆ ತಂದರು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ, ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ, ಇಸ್ರೋ ಚಂದ್ರನ ಕುಳಿಗಳನ್ನು ತೋಡಿತು. ಕುಳಿಗಳ ಮೇಲೆ ವಿಮಾನ ಹಾರಿಸಿ ಸಂವೇದಕಗಳನ್ನು ಪರೀಕ್ಷಿಸಿದರು. ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನು ಪುಡಿ ಮಾಡಿ ಬೆಂಗಳೂರಿನಲ್ಲಿ ಚಂದ್ರನ ಮಣ್ಣು ಹಾಸಿದರು. ಮೂರನೆಯ ಯಾನವಾದ ಚಂದ್ರಯಾನ-3ಕ್ಕೆ ಲ್ಯಾಂಡರಿನ ಪರೀಕ್ಷಾ ಮಾದರಿಯನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿದರು, ಕ್ರೇನಿಗೆ ತೂಗುಹಾಕಿ ಎಂಜಿನ್ ಉರಿಸಿದರು, ಕಾಲುಗಳನ್ನು ಎತ್ತಿ ಎತ್ತಿ ನೆಲಕ್ಕೆ ಕುಕ್ಕಿದರು.

ಎಸ್. ಸೋಮನಾಥ್ ಆ ಹೊತ್ತಿಗೆ ಅಧ್ಯಕ್ಷರಾಗಿದ್ದರು. ಹಿಂದಿನದು ಗೆಲ್ಲುವುದನ್ನು ಎಣಿಸಿ ಮಾಡಿದ ವಿನ್ಯಾಸ, ಈ ಸಲದ್ದು ಏನೇನು ಕೆಡಬಹುದೆಂದು ಎಣಿಸಿ ಮಾಡಿದ್ದು ಎಂಬರ್ಥದಲ್ಲಿ ಅವರು ವಿವರಿಸಿದರು. ನಡುವಿನ ಐದನೆಯ ಎಂಜಿನ್ ಕಿತ್ತರು. ಕಾಲು ಬಲಗೊಂಡಿತು: ಸೆಕೆಂಡಿಗೆ 2 ಮೀಟರ್ ತಾಳುತ್ತಿದ್ದದ್ದು 3 ಮೀಟರ್ ತಾಳುವಂತಾಯಿತು. ವೇಗವನ್ನು ನೇರವಾಗಿ ಅಳೆಯುವ ಲೇಸರ್ ಸಾಧನ ಹೊಸದಾಗಿ ಬಂತು. ಅಂಗಳ ಸುಮಾರು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. ಇಂಧನ ಹೆಚ್ಚಿತು. 1471 ಕಿಲೋ ಇದ್ದ ಲ್ಯಾಂಡರ್ 1750ರ ಆಸುಪಾಸಿಗೆ ದಪ್ಪಗಾಯಿತು. ಈ ತೂಕಕ್ಕೆ ಜಾಗ ಎಲ್ಲಿಂದ? ಆರ್ಬಿಟರನ್ನು ಕೈಬಿಟ್ಟಿದ್ದರಿಂದ. ಚಂದ್ರಯಾನ-2ರ ಆರ್ಬಿಟರ್ ಮೇಲೆ ಇನ್ನೂ ಸುತ್ತುತ್ತಲೇ ಇತ್ತಲ್ಲ! ಅದರಲ್ಲಿದ್ದ ಅಹಮದಾಬಾದಿನ ಇನ್ನೊಂದು ಕ್ಯಾಮೆರಾ ತೆಗೆದ ಚಿತ್ರಗಳೇ ಹೊಸ ವಿಕ್ರಮ್‌ಗೆ ನಕಾಶೆಯಾದವು. ಸೋತಿತೆಂದು ನಾವು ಬರೆದುಹಾಕಿದ್ದ ಯಾನದ ಅರ್ಧ ಭಾಗ ಮೂರನೆಯ ಯಾನಕ್ಕೆ ಮದರ್‌ಶಿಪ್ ಆಗಿತ್ತು. ಕರ್ಬಲ್ ಆಟಗಾರನಿಗೆ ಇದಕ್ಕಿಂತ ಚೆಂದದ ವಿನ್ಯಾಸ ಸಿಗಲಾರದು.

2023ರ ಜುಲೈ 14ರ ಮಧ್ಯಾಹ್ನ 2.35ಕ್ಕೆ ಶ್ರೀಹರಿಕೋಟಾದಿಂದ ಹಾರಾಟ. ಆಗಸ್ಟ್ 5ಕ್ಕೆ ಚಂದ್ರನ ಕಕ್ಷೆ. 17ಕ್ಕೆ ಲ್ಯಾಂಡರ್ ಬೇರೆಯಾಯಿತು. ಎರಡೇ ದಿನದಲ್ಲಿ, 19ರಂದು, ವಿಕ್ರಮ್‌ನಂತೆಯೇ ಚಂದ್ರನ ದಕ್ಷಿಣ ಧ್ರುವದ ಕಡೆಗೆ ಹೊರಟಿದ್ದ ರಷ್ಯಾದ ಲೂನಾ-25 ನೆಲಕ್ಕಪ್ಪಳಿಸಿತು: 84 ಸೆಕೆಂಡ್ ಉರಿಯಬೇಕಿದ್ದ ಎಂಜಿನ್ 127 ಸೆಕೆಂಡ್ ಉರಿದಿತ್ತು. ಮೈ ಜುಮ್ಮೆನ್ನದೆ ಇರುತ್ತದೆಯೇ? ಅಹಮದಾಬಾದ್ ಕೇಂದ್ರದ ನಿರ್ದೇಶಕ ನೀಲೇಶ್ ದೇಸಾಯಿ, ಇಳಿಯುವ ಎರಡು ಗಂಟೆ ಮೊದಲು ಸ್ಥಿತಿ ನೋಡುತ್ತೇವೆ, ಸರಿಯಿಲ್ಲದಿದ್ದರೆ 27ಕ್ಕೆ ಮುಂದೂಡುತ್ತೇವೆ ಎಂದರು.

ಮುಂದೂಡಲಿಲ್ಲ. ಆಗಸ್ಟ್ 23ರ ಸಂಜೆ 5.45ರ ಸುಮಾರಿಗೆ ನಾಲ್ಕು ಎಂಜಿನ್ ಹೊತ್ತಿಕೊಂಡವು. ಅದೇ 30 ಕಿ.ಮೀ. ಎತ್ತರ, ಹೆಚ್ಚುಕಡಿಮೆ ಅದೇ ವೇಗ. 690 ಸೆಕೆಂಡುಗಳ ಒರಟು ಬ್ರೇಕಿಂಗ್. 7.4 ಕಿ.ಮೀ.ಗೆ ಬಂದಾಗ ಹತ್ತು ಸೆಕೆಂಡ್ ಮೈ ಬಿಗಿಹಿಡಿದು ಕೆಳಗೆ ನೋಡಿತು. ಮತ್ತೆ ಬ್ರೇಕ್. ಬೆಂಗಳೂರು ಬಳಿಯ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ಬಟ್ಟಲು ಆಕಾಶಕ್ಕೆ ಕಿವಿಯಾಗಿತ್ತು. 2.1 ಕಿ.ಮೀ. ಬಂತು. ಯಾರೂ ಮಾತಾಡಲಿಲ್ಲ. ಅದು ದಾಟಿತು! 800 ಮೀಟರ್. 150 ಮೀಟರಿನಲ್ಲಿ ವಿಕ್ರಮ್ ತೂಗುತ್ತ ನಿಂತು ಬಂಡೆ, ಹೊಂಡ ಲೆಕ್ಕ ಹಾಕಿತು. ಒಪ್ಪಿತು. ಇಳಿಯಿತು. 6 ಗಂಟೆ 4 ನಿಮಿಷ. ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್, ಅವರ ಸಹ ನಿರ್ದೇಶಕಿ ಕೆ. ಕಲ್ಪನಾ ಮಾತಿಗೆ ನಿಂತಾಗ ಆ ನಾಲ್ಕು ವರ್ಷ ಅವರ ಮುಖದಲ್ಲಿ ಓದಬಹುದಿತ್ತು.

ಹೆಚ್ಚಿನವರು ಅಲ್ಲಿಗೆ ಟಿ.ವಿ. ಆರಿಸಿದರು. ಜೂಲ್-5 ಆಡುವವರಿಗೆ ಕತೆ ಶುರುವಾದದ್ದೇ ಆಮೇಲೆ. ಸೆಪ್ಟೆಂಬರ್ 3ರಂದು ವಿಕ್ರಮ್ ಇಳಿಜಾರು ಹಲಗೆ ಮಡಚಿಕೊಂಡು ಮತ್ತೆ ಎಂಜಿನ್ ಹೊತ್ತಿಸಿತು. ಸುಮಾರು 40 ಸೆಂಟಿಮೀಟರ್ ಮೇಲೆದ್ದು, 30–40 ಸೆಂಟಿಮೀಟರ್ ಆಚೆ ಕೂತಿತು. ಒಂದೇ ನೌಕೆ, ಎರಡು ಇಳಿತ. ಮೊಳದಷ್ಟು ಹಾರಿದ್ದೇನು ಮಹಾ ಎಂದು ನಕ್ಕವರಿದ್ದಾರೆ. ನನ್ನ ಮಟ್ಟಿಗೆ 23ರ ಇಳಿತಕ್ಕಿಂತ ಈ ಜಿಗಿತವೇ ದೊಡ್ಡದು: ಚಂದ್ರನಿಂದ ಮರಳುವ ದಾರಿಯ ಮೊದಲ ಗೇಣು ಅದು. ಲ್ಯಾಂಡರನ್ನು ಹೊತ್ತು ತಂದಿದ್ದ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ ನೂರು ಕಿಲೋಗೂ ಹೆಚ್ಚು ಇಂಧನ ಉಳಿದಿತ್ತು. ಸುಮ್ಮನೆ ಬಿಡದೆ ಅಕ್ಟೋಬರ್–ನವೆಂಬರಿನಲ್ಲಿ ಅದನ್ನೂ ಚಂದ್ರನ ಹಿಡಿತದಿಂದ ಬಿಡಿಸಿ ಭೂಮಿಯ ಕಕ್ಷೆಗೆ ವಾಪಸು ತಂದರು.

ಕಾರಣವಿತ್ತು. 2024ರ ಸೆಪ್ಟೆಂಬರ್ 18ರಂದು 2104.06 ಕೋಟಿ ರೂಪಾಯಿಯ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ ಒಪ್ಪಿತು. ಐದು ಘಟಕ, ಎರಡು ಎಲ್‌ವಿಎಂ-3 ರಾಕೆಟ್. ಇಳಿಯುವುದೊಂದು, ಚಂದ್ರನ ಮಣ್ಣು ಹೊತ್ತು ಏರುವುದೊಂದು, ಕಕ್ಷೆಯಲ್ಲಿ ಕಾದಿದ್ದು ಅದನ್ನು ಪಡೆಯುವುದೊಂದು, ಭೂಮಿಯ ಗಾಳಿ ಸೀಳಿ ಬರುವುದೊಂದು, ಎಲ್ಲವನ್ನೂ ಒಯ್ಯುವುದೊಂದು. ಟೈಲೋ ನಕ್ಷೆಯೇ ಇದು. ನಡುವೆ ಡಾಕಿಂಗ್ ಬೇಕು. ಅದರ ಅಭ್ಯಾಸಕ್ಕೆ 2024ರ ಡಿಸೆಂಬರ್ 30ರಂದು ಹಾರಿದ ಸ್ಪೇಡೆಕ್ಸ್‌ನ ತಲಾ 220 ಕಿಲೋ ತೂಕದ ಅವಳಿ ಉಪಗ್ರಹಗಳು ಜನವರಿ 7ಕ್ಕೆ, 9ಕ್ಕೆ ಎಂದು ಎರಡು ಸಲ ಮುಂದೂಡಿಸಿಕೊಂಡು 16ರ ಬೆಳಗ್ಗೆ ಕೈ ಹಿಡಿದವು. ಆಟದಲ್ಲಿ ಮೊದಲ ಸಲ ಡಾಕಿಂಗ್ ಮಾಡಿದವರಿಗೆ ಆ ಮುಂದೂಡಿಕೆ ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆ ಮುಗಿಸಿ ಜೂಲ್‌ಗೆ ಹೊರಡುವ ಹುಡುಗ ಹುಡುಗಿಯರಿಗೆ ಒಂದೆರಡು ಮಾತು. ಇಂಧನವನ್ನು ಲೆಕ್ಕಕ್ಕಿಂತ ನೂರಕ್ಕೆ ಹತ್ತಿಪ್ಪತ್ತು ಪಾಲು ಹೆಚ್ಚಿಗೆ ತುಂಬಿಕೊಳ್ಳಿ. ಎಂಜಿನ್‌ನ ಬಲವನ್ನು ಟೈಲೋಗೆ ತಕ್ಕಂತೆ ನೋಡಿ, ಪೋಲ್‌ಗೆ ತಕ್ಕಂತೆ ಅಲ್ಲ. ಹೊರಡುವ ಮುನ್ನ ಲ್ಯಾಂಡರ್‌ಗೆ ಏಣಿ ಜೋಡಿಸಿದ್ದೀರಾ ಎಂದು ಮತ್ತೊಮ್ಮೆ ಪರೀಕ್ಷಿಸಿ. ಟೈಲೋದ ಗುರುತ್ವದಲ್ಲಿ ಜೆಟ್‌ಪ್ಯಾಕ್ ಕರ್ಬಲ್‌ನನ್ನು ಎತ್ತಲಾರದು.